ಬೆರಕೆಗೆ ಬೈಯಬೇಡಿ, ಲೆಕ್ಕ ಕೇಳಿ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ. ಈ ಐದು ತಾಲ್ಲೂಕುಗಳ ಯಾವ ಊರಿಗೆ ಹೋದರೂ, ಬೆಳಿಗ್ಗೆ ಡೇರಿ ಮುಂದೆ ಕ್ಯಾನ್ ಹಿಡಿದು ನಿಂತವರ ನಡುವೆ ಒಂದು ಜಗಳ ಕೇಳಿಸುತ್ತದೆ. "ಈ ಜರ್ಸಿ, ಎಚ್‌ಎಫ್ ಬಂದು ನಮ್ಮ ದನದ ಜಾತಿನ ಕೆಟ್ಟು ಹೋತ ನೋಡ್ರಿ" ಅನ್ನುತ್ತಾರೆ ಒಬ್ಬರು. "ಖಿಲಾರಿ ಆಕಳ ಹಾಲು ಕರ ಕುಡದ ಮ್ಯಾಲ ಚಾಕ್ಕೂ ಸಾಲೂದಿಲ್ಲ ಕಾಕಾ, ಅದನ್ನ ಕಟ್ಟಿ ಏನ್ ಮಾಡ್ಲಿ?" ಅನ್ನುತ್ತಾರೆ ಇನ್ನೊಬ್ಬರು. ಇದೇ ಜಗಳ ಸಂಜೆ ವಾಟ್ಸಾಪ್ ಗುಂಪಿಗೆ ಬರುತ್ತದೆ. ಅಲ್ಲಿ ಗೋಮಾತೆಯ ಫೋಟೊ ಒಂದು ಕಡೆ, 25 ಲೀಟರ್ ಹಾಲಿನ ವಿಡಿಯೊ ಇನ್ನೊಂದು ಕಡೆ.

ಇಬ್ಬರೂ ಅರ್ಧ ಸತ್ಯ ಹೇಳುತ್ತಿದ್ದಾರೆ ಎಂಬುದು ನಮ್ಮ ಅಭಿಪ್ರಾಯ. ಬೆರಕೆ ಮಾಡಿದ್ದಕ್ಕೆ ನಮ್ಮ ತಕರಾರಿಲ್ಲ. ಯಾವುದಕ್ಕೆ ಯಾವುದನ್ನು ಬೆರೆಸಿದೆವು, ಎಷ್ಟು ಬೆರೆಸಿದೆವು ಎಂದು ಯಾರೂ ಬರೆದಿಡದೆ ಬೆರೆಸುತ್ತಾ ಹೋಗಿದ್ದೇವಲ್ಲ, ತಕರಾರು ಅದಕ್ಕೆ. ಬೆರೆಸುವ ಮೊದಲು ಮೂಲ ತಳಿಯ ಒಂದಿಷ್ಟು ದನಗಳನ್ನು ಬೇರೆ ಉಳಿಸಿಕೊಳ್ಳಲಿಲ್ಲವಲ್ಲ, ಅದಕ್ಕೆ. ಇದು ಪಶುಪಾಲನಾ ಇಲಾಖೆಯ ತಪ್ಪು, ಡೇರಿಗಳ ತಪ್ಪು, ನಮ್ಮ ಊರುಗಳ ತಪ್ಪು.

ಮೊದಲು ಬೆರಕೆ ಎಂದರೇನು ನೋಡೋಣ.

ಖಿಲಾರಿ, ಕೃಷ್ಣಾ ಕಣಿವೆ, ಗಿರ್, ಹಳ್ಳಿಕಾರ್ ಇವೆಲ್ಲ ಹಿಣಿಲು ಇರುವ ದನಗಳು. ಎಚ್‌ಎಫ್ ಹಾಲೆಂಡ್ ಕಡೆಯದು, ಜರ್ಸಿ ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವಿನ ಒಂದು ಸಣ್ಣ ದ್ವೀಪದ್ದು. ಅವಕ್ಕೆ ಹಿಣಿಲು ಇಲ್ಲ. ಈ ಎರಡು ಬಗೆಯ ದನಗಳನ್ನು ಮನುಷ್ಯ ಬೇರೆ ಬೇರೆ ಜಾಗದಲ್ಲಿ, ಬೇರೆ ಬೇರೆಯಾಗಿ ಪಳಗಿಸಿದ. ವಿಜ್ಞಾನಿಗಳಲ್ಲಿ ಕೆಲವರು ಇವನ್ನು ಎರಡು ಪ್ರತ್ಯೇಕ ಪ್ರಭೇದ ಎನ್ನುತ್ತಾರೆ, ಕೆಲವರು ಒಂದೇ ಪ್ರಭೇದದ ಎರಡು ಕವಲು ಎನ್ನುತ್ತಾರೆ. ಹೆಸರು ಏನೇ ಇರಲಿ, ಕೂಡಿಸಿದರೆ ಕರು ಹುಟ್ಟುತ್ತದೆ, ಆ ಕರುವಿಗೂ ಮುಂದೆ ಕರು ಹುಟ್ಟುತ್ತದೆ. ಕುದುರೆ ಮತ್ತು ಕತ್ತೆ ಕೂಡಿ ಹುಟ್ಟುವ ಹೇಸರಗತ್ತೆಯ ಹಾಗೆ ವಂಶ ಅಲ್ಲಿಗೇ ನಿಲ್ಲುವುದಿಲ್ಲ. ಹೇಸರಗತ್ತೆಯ ಬೆರಕೆ ಅದರ ಜೊತೆಗೇ ಸಾಯುತ್ತದೆ. ಆಕಳಿನ ಬೆರಕೆ ಊರಿನ ಎಲ್ಲ ಕೊಟ್ಟಿಗೆಗೂ ಹರಡುತ್ತದೆ. ಅದಕ್ಕೇ ಲೆಕ್ಕ ಬೇಕು.

ಇಂಥ ಜಗಳ ದನ ಸಾಕುವವರಲ್ಲಿ ಮಾತ್ರ ಇಲ್ಲ. ಹೊರದೇಶಗಳಲ್ಲಿ ಓತಿಕ್ಯಾತ, ಹಲ್ಲಿಗಳನ್ನು ಮನೆಯಲ್ಲಿ ಶೋಕಿಗೆ ಸಾಕುವವರಿದ್ದಾರೆ. ಆಸ್ಟ್ರೇಲಿಯಾ ಮೂಲದ ಗಡ್ಡದ ಓತಿಯ ಎರಡು ಪ್ರಭೇದಗಳನ್ನು ಕೂಡಿಸಿ ಗಾತ್ರದಲ್ಲಿ ಚಿಕ್ಕದಾದ ಹೊಸ ಓತಿ ಮಾಡಿದ್ದಾರೆ. ಇದು ಸರಿಯೋ ತಪ್ಪೋ ಎಂದು ಅವರಲ್ಲೂ ದೊಡ್ಡ ವಾದ. ಬೆರಕೆ ಮರಿಯನ್ನು ಅಸಲಿ ಎಂದು ಯಾರೋ ಮಾರಿದರೆ, ಅದು ಇನ್ನೊಬ್ಬರ ಅಸಲಿ ಗುಂಪಿಗೆ ಸೇರಿ ಕೊನೆಗೆ ಅಸಲಿ ಯಾವುದು ಎಂದೇ ಗೊತ್ತಾಗುವುದಿಲ್ಲ ಎಂಬುದು ವಿರೋಧಿಸುವವರ ಭಯ. ಹಾಗಾದರೆ ತಂದೆ ತಾಯಿ ಯಾವುದು ಎಂದು ಬರೆದುಕೊಟ್ಟೇ ಮಾರಿ ಎಂದು ಹಟ ಹಿಡಿಯುವವರಿದ್ದಾರೆ. ಶೋಕಿಯ ಓತಿಗೇ ಜನ ಇಷ್ಟು ಲೆಕ್ಕ ಕೇಳುತ್ತಾರೆ. ಮಕ್ಕಳ ಶಾಲೆ ಫೀ, ಸಂಘದ ಸಾಲದ ಕಂತು ಎಲ್ಲವನ್ನೂ ಹೊತ್ತ ಆಕಳ ತಂದೆ ಯಾರು ಅಂದರೆ ನಾವು "ಸೂಜಿದು" ಅನ್ನುತ್ತೇವೆ!

ಈಗ "ಶುದ್ಧ ತಳಿ" ಎನ್ನುವವರ ಜೊತೆ ಮಾತಾಡೋಣ.

ನಮ್ಮ ನೆಲಕ್ಕೆ ಹೆಸರು ತಂದ ಒಂದು ತಳಿ ಇದೆ, ಕೃಷ್ಣಾ ಕಣಿವೆ. ಅಮೃತಮಹಲ್, ಹಳ್ಳಿಕಾರ್, ಖಿಲಾರಿ, ದೇವಣಿ, ಮಲೆನಾಡು ಗಿಡ್ಡ ಇವುಗಳ ಸಾಲಿನಲ್ಲಿ ಕರ್ನಾಟಕದ ದೇಸಿ ತಳಿ ಎಂದು ಅದನ್ನು ಎಣಿಸುತ್ತಾರೆ. ದೊಡ್ಡ ಮೈ, ಗಟ್ಟಿ ಕಾಲು, ಶಾಂತ ಸ್ವಭಾವ. ಕೃಷ್ಣೆಯ ದಂಡೆಯ ಎರೆ ಹೊಲದಲ್ಲಿ ಭಾರದ ನೇಗಿಲು ಎಳೆಯಲು ಹೇಳಿ ಮಾಡಿಸಿದಂಥ ಎತ್ತು. ಆದರೆ ಅದು ಆಕಾಶದಿಂದ ಇಳಿದು ಬಂದಿದ್ದಲ್ಲ. 19ನೇ ಶತಮಾನದ ಕೊನೆಯ ಭಾಗದಲ್ಲಿ ಸಾಂಗಲಿ ಸೀಮೆಯ ಸಂಸ್ಥಾನಿಕರ ಆಸರೆಯಲ್ಲಿ, ಗುಜರಾತಿನ ಗಿರ್ ಮತ್ತು ಕಾಂಕ್ರೇಜ್, ಆಂಧ್ರದ ಓಂಗೋಲ್, ಇಲ್ಲಿನ ಮೈಸೂರು ಮಾದರಿಯ ದನಗಳನ್ನು ಕೂಡಿಸಿ ಬೆಳೆಸಿದ ತಳಿ ಅದು. ಇವತ್ತಿನ ಮಾತಿನಲ್ಲಿ ಹೇಳುವುದಾದರೆ ನಾಲ್ಕು ಕಡೆಯ ಬೆರಕೆ. ಆ ಕಾಲದಲ್ಲಿ ಯಾರಾದರೂ "ಜಾತಿ ಕೆಡುತ್ತದೆ" ಎಂದು ಅಡ್ಡ ನಿಂತಿದ್ದರೆ ಕೃಷ್ಣಾ ಕಣಿವೆ ಎಂಬ ತಳಿಯೇ ಹುಟ್ಟುತ್ತಿರಲಿಲ್ಲ.

ಇಲ್ಲಿನ ರಕ್ತ ಹೊರಗೂ ಹೋಗಿದೆ. ಅಮೆರಿಕದ ಬಿಸಿ ನಾಡುಗಳಲ್ಲಿ ಸಾಕುವ ಬ್ರಾಹ್ಮನ್ ಎಂಬ ಹಿಣಿಲಿನ ತಳಿಯನ್ನು ಭಾರತದಿಂದ ಹೋದ ಕೆಲವು ತಳಿಗಳಿಂದ ಕಟ್ಟಿದರು. ಆ ಪಟ್ಟಿಯಲ್ಲಿ ಗಿರ್, ಗುಜರಾತಿನ ಕಾಂಕ್ರೇಜ್, ಓಂಗೋಲ್ ಜೊತೆಗೆ ಕೃಷ್ಣಾ ಕಣಿವೆಯ ಹೆಸರೂ ಇದೆ. ಅವರೂ ಬೆರೆಸಿದರು. ಜೊತೆಗೆ 1924ರಲ್ಲೇ ಸಂಘ ಕಟ್ಟಿಕೊಂಡು ವಂಶದ ದಾಖಲೆ ಇಡತೊಡಗಿದರು. ಆ ತಳಿ ಬೆಳೆಯಿತು. ನಮ್ಮಲ್ಲಿ ದನ ಇತ್ತು, ದಫ್ತರ ಇರಲಿಲ್ಲ. ಅಮೆರಿಕದ ಬ್ರಾಹ್ಮನ್ ಇವತ್ತು ಹಿಂಡುಗಟ್ಟಲೆ ಇದೆ, ಕೃಷ್ಣಾ ಕಣಿವೆ ಬೇಕೆಂದರೆ ಕೃಷ್ಣೆಯ ಕಣಿವೆಯಲ್ಲೇ ಹುಡುಕಿಕೊಂಡು ಹೋಗಬೇಕು.

ಶುದ್ಧಿಯ ಹೆಸರಿನಲ್ಲಿ ನಡೆಯುವ ಪ್ರಚಾರದ ಬಗ್ಗೆಯೂ ಎರಡು ಮಾತು. 2021ರಲ್ಲಿ ರಾಷ್ಟ್ರೀಯ ಕಾಮಧೇನು ಆಯೋಗ ದೇಶದ ತುಂಬ ಒಂದು ಗೋ ವಿಜ್ಞಾನ ಪರೀಕ್ಷೆ ನಡೆಸಲು ಹೊರಟಿತ್ತು. ಅದರ ಓದುವ ಸಾಮಗ್ರಿಯಲ್ಲಿ ಜರ್ಸಿ ಆಕಳು ಸೋಮಾರಿ, ದೇಸಿ ಆಕಳು ಚುರುಕು ಎಂಬಂಥ ಮಾತುಗಳಿದ್ದವು. ಟೀಕೆ ಬಂತು, ಪರೀಕ್ಷೆ ನಡೆಯಲೇ ಇಲ್ಲ. 2024ರ ಆಗಸ್ಟ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ "ಎ1, ಎ2 ಎಂದು ಹಾಲು ತುಪ್ಪದ ಮೇಲೆ ಬರೆದು ಮಾರಬೇಡಿ" ಎಂದು ಹೇಳಿತು, ಒಂದೇ ವಾರದೊಳಗೆ ಆ ಸೂಚನೆ ವಾಪಸ್ ಪಡೆಯಿತು. ಈ ಗದ್ದಲದಲ್ಲಿ ನಗರದ ಅಂಗಡಿಯಲ್ಲಿ ದೇಸಿ ತುಪ್ಪದ ಬೆಲೆ ಏರಿತು. ಕಾಗವಾಡದ ಒಣ ಹೊಲದಲ್ಲಿ ಖಿಲಾರಿ ಸಾಕಿದವನ ಕೈಗೆ ಅದರಲ್ಲಿ ಎಷ್ಟು ಬಂತು? ನಿಮ್ಮ ಊರಿನಲ್ಲಿ ಕೇಳಿ ನೋಡಿ.

ಇನ್ನೊಂದು ಮಾತು, ಕೆಲವರಿಗೆ ಖಾರ ಅನ್ನಿಸಬಹುದು. ನಮ್ಮ ಕಡೆ ಎತ್ತಿಗೂ "ಜಾತಿ" ಎನ್ನುತ್ತೇವೆ, ಮನುಷ್ಯರಿಗೂ "ಜಾತಿ" ಎನ್ನುತ್ತೇವೆ. ದನದ "ಜಾತಿ ಕೆಟ್ಟಿತು" ಎಂದು ಭಾಷಣ ಮಾಡುವ ಕೆಲವರು ಅದೇ ಉಸಿರಿನಲ್ಲಿ ಮಕ್ಕಳ ಮದುವೆಯ ಮಾತಿಗೂ ಬರುತ್ತಾರೆ. ಗೊಂದಲ ಬೇಡ. ದನದ ತಳಿ ಎಂಬುದು ಕೆಲಸಕ್ಕಾಗಿ, ಹಾಲಿಗಾಗಿ ಮನುಷ್ಯ ಆರಿಸಿ ಆರಿಸಿ ಕಟ್ಟಿದ ವ್ಯವಸ್ಥೆ. ಅದನ್ನು ಉಳಿಸುವುದು ಬೀಜ ಉಳಿಸಿದ ಹಾಗೆ. ಮನುಷ್ಯರಲ್ಲಿ ಅಂಥ ತಳಿಗಳಿಲ್ಲ. ಖಿಲಾರಿ ಉಳಿಯಬೇಕು ಎನ್ನುವ ನಾವು ಜಾತಿ ಉಳಿಯಬೇಕು ಎಂದು ಹೇಳುತ್ತಿಲ್ಲ.

ಇನ್ನು ಹಾಲಿನವರ ಕಡೆ ಬರೋಣ.

ಅವರ ಮಾತಿನಲ್ಲಿ ತೂಕ ಇದೆ. ಅರ್ಧ ಎಕರೆಯೂ ಇಲ್ಲದ ಮನೆಯ ಹೆಣ್ಣುಮಗಳು ಸಂಘದಲ್ಲಿ ಸಾಲ ತೆಗೆದು ಒಂದು ಎಚ್‌ಎಫ್ ಕಟ್ಟುತ್ತಾಳೆ. ಕಬ್ಬಿನ ಹೊಲದಿಂದ ಹೊರೆ ಮೇವು ತರುತ್ತಾಳೆ. ಹತ್ತು ದಿನಕ್ಕೊಮ್ಮೆ ಡೇರಿ ಬಿಲ್ಲು ಬರುತ್ತದೆ. ಕಬ್ಬಿನ ಬಿಲ್ಲಿಗೆ ತಿಂಗಳುಗಟ್ಟಲೆ ಕಾಯುವ ಈ ಸೀಮೆಯಲ್ಲಿ ಆ ಹಣದ ಬೆಲೆ ಏನೆಂದು ಅವಳಿಗೇ ಗೊತ್ತು. ಅವಳ ಮುಂದೆ ನಿಂತು "ಖಿಲಾರಿ ಕಟ್ಟು, ಸಂಸ್ಕೃತಿ ಉಳಿಸು" ಎಂದು ಉಪದೇಶ ಮಾಡುವವರಿಗೆ ನಾಚಿಕೆ ಇರಬೇಕು. ಸಂಸ್ಕೃತಿ ಉಳಿಸುವ ಖರ್ಚನ್ನು ಊರಿನ ಅತಿ ಬಡವರ ತಲೆಗೆ ಕಟ್ಟಬಾರದು.

ಆದರೆ ಹಾಲಿನ ಮಾತು ಆಡುವವರು ಒಂದು ಲೆಕ್ಕ ಬಿಟ್ಟುಬಿಡುತ್ತಾರೆ. ಖಿಲಾರಿ ಆಕಳಿಗೆ ಎಚ್‌ಎಫ್ ಸೂಜಿ ಹಾಕಿಸಿದರೆ ಹುಟ್ಟುವ ಕರುವಿನಲ್ಲಿ ಎಚ್‌ಎಫ್ ಪಾಲು 50. ಆ ಕರು ದೊಡ್ಡದಾದಾಗ ಮತ್ತೆ ಎಚ್‌ಎಫ್ ಹಾಕಿಸಿದರೆ ಅದರ ಕರುವಿನಲ್ಲಿ 75. ಮತ್ತೊಮ್ಮೆ ಹಾಕಿಸಿದರೆ 87.5. ಮೂರೇ ತಲೆಮಾರು, ಹತ್ತು ಹನ್ನೆರಡು ವರ್ಷದಲ್ಲಿ ಮುಗಿಯುವ ಕಥೆ. ಮೊದಲನೆಯ ಬೆರಕೆಯಲ್ಲಿ ಕಸುವು ಹೆಚ್ಚು. ತಾಯಿಯ ತಾಳಿಕೆ, ತಂದೆಯ ಹಾಲು ಎರಡೂ ಒಂದಿಷ್ಟು ಬರುತ್ತವೆ. ಮೇಲೆ ಮೇಲೆ ಹೋದ ಹಾಗೆ ಹಾಲು ಬರಬಹುದು, ಆದರೆ ಅದಕ್ಕೆ ಫ್ಯಾನ್ ಬೇಕು, ನೆರಳು ಬೇಕು, ಚೀಲಗಟ್ಟಲೆ ಪಶು ಆಹಾರ ಬೇಕು. ಹಿಣಿಲಿನ ದನದ ಸಡಿಲ ಚರ್ಮ, ಹೆಚ್ಚಿನ ಬೆವರು ಗ್ರಂಥಿ, ಕಡಿಮೆ ಮೈ ಬಿಸಿ ಇವೆಲ್ಲ ಬೇಸಿಗೆಗೆಂದೇ ಇರುವ ಏರ್ಪಾಡು. ಅಥಣಿಯ ಏಪ್ರಿಲ್ ಬಿಸಿಲಿನಲ್ಲಿ ನಾಲಿಗೆ ಹೊರಗೆ ಹಾಕಿ ಏದುಸಿರು ಬಿಡುವ ಆಕಳು ಆ ಏರ್ಪಾಡು ಕಳೆದುಕೊಂಡ ಆಕಳು. ಮೇವು ಹೊಂದಿಸಬಲ್ಲ ನೀರಾವರಿ ರೈತನಿಗೆ 75 ಸರಿ ಹೋದೀತು. ಒಣ ಬೇಸಾಯದ ಮನೆಗೆ 50 ದಾಟಿದರೆ ಡಾಕ್ಟರ ಬಿಲ್ಲೇ ಹಾಲಿನ ಬಿಲ್ಲನ್ನು ನುಂಗುತ್ತದೆ.

ಆದರೆ ನಿಮ್ಮ ಆಕಳು 50ರದ್ದೋ 75ರದ್ದೋ ನಿಮಗೆ ಗೊತ್ತೇ? ಕಪ್ಪು ಬಿಳುಪು ಮಚ್ಚೆ ನೋಡಿ ಹೇಳಲು ಬರುವುದಿಲ್ಲ. ಬರೆದಿಟ್ಟಿದ್ದರೆ ಮಾತ್ರ ಗೊತ್ತಾಗುತ್ತದೆ. "ಬೆದಿಗೆ ಬಂದೈತ್ರಿ ಡಾಕ್ಟರ, ಯಾವುದರ ಒಂದ್ ಸೂಜಿ ಹಾಕ್ರಿ" ಎಂದು ಫೋನ್ ಮಾಡುತ್ತೇವೆ. ಬಂದವರು ಕ್ಯಾನಿನಲ್ಲಿ ಇದ್ದದ್ದನ್ನು ಹಾಕಿ, ಹಣ ತೆಗೆದುಕೊಂಡು, ಖಾಲಿ ಕಡ್ಡಿಯನ್ನು ತಿಪ್ಪೆಗೆ ಎಸೆದು ಹೋಗುತ್ತಾರೆ. ಆ ಖಾಲಿ ಕಡ್ಡಿಯ ಮೇಲೆ ತಳಿ ಯಾವುದು, ಹೋರಿಯ ನಂಬರ್ ಎಷ್ಟು, ಎಲ್ಲಿ, ಯಾವಾಗ ತಯಾರಾಯಿತು ಎಂದು ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿರುತ್ತಾರೆ. ನಿಮ್ಮ ಕರುವಿನ ಜನ್ಮಪತ್ರ ಅದು. ಅದನ್ನು ತಿಪ್ಪೆಗೆ ಹಾಕುತ್ತಿದ್ದೇವೆ.

ಇದರ ಇನ್ನೊಂದು ಅಪಾಯ ಬಹಳ ಜನಕ್ಕೆ ಹೊಳೆದಿಲ್ಲ. ಒಂದು ಹೋರಿಯಿಂದ ವರ್ಷಕ್ಕೆ ಸಾವಿರಾರು ಕಡ್ಡಿ ತಯಾರಾಗುತ್ತವೆ. ದ್ರವ ಸಾರಜನಕದಲ್ಲಿ ಅವು ವರ್ಷಗಟ್ಟಲೆ ಕೆಡದೆ ಇರುತ್ತವೆ. ನಂಬರ್ ನೋಡದೆ ಹಾಕಿಸಿದರೆ ಮಗಳಿಗೆ ತಂದೆಯದೇ ಕಡ್ಡಿ ಬೀಳಬಹುದು. ಹಾಗೆ ಹುಟ್ಟಿದ ಕರುಗಳಲ್ಲಿ ಸೊರಗು, ಗಬ್ಬ ನಿಲ್ಲದಿರುವುದು, ಹಾಲು ಇಳಿಯುವುದು ಹೆಚ್ಚು. ಆಮೇಲೆ "ಈ ಎಚ್‌ಎಫ್ ತಳಿನೇ ಸರಿ ಇಲ್ಲ" ಎಂದು ಬೈಯುತ್ತೇವೆ. ತಳಿಯ ತಪ್ಪು ಎಷ್ಟು, ಲೆಕ್ಕ ಇಡದವರ ತಪ್ಪು ಎಷ್ಟು?

ಹೋರಿಗರುವಿನ ಮಾತಂತೂ ಯಾರಿಗೂ ಬೇಡ. ಖಿಲಾರಿಯ ಹೋರಿಗರು ಹುಟ್ಟಿದರೆ ಮನೆಯಲ್ಲಿ ಹಬ್ಬ. ಎಚ್‌ಎಫ್‌ನ ಹೋರಿಗರು ಹುಟ್ಟಿದರೆ ಮನೆಯವರ ಮುಖ ಸಪ್ಪಗಾಗುತ್ತದೆ. ಹಿಣಿಲು ಸಣ್ಣದು, ನೊಗ ಸರಿಯಾಗಿ ಕೂರುವುದಿಲ್ಲ, ಬಿಸಿಲಿಗೆ ತಾಳುವುದಿಲ್ಲ. 2021ರಲ್ಲಿ ಜಾರಿಗೆ ಬಂದ ಗೋಹತ್ಯೆ ನಿಷೇಧ ಕಾಯ್ದೆಯ ಮೇಲೆ ಅದನ್ನು ಮಾರುವ ದಾರಿಯೂ ಮುಚ್ಚಿತು. ಕಾಯ್ದೆ ಬೇಕೋ ಬೇಡವೋ ಎಂಬ ವಾದವನ್ನು ಇಲ್ಲಿ ಎತ್ತುತ್ತಿಲ್ಲ. ಆದರೆ ಹುಟ್ಟುವ ಕರುಗಳಲ್ಲಿ ಅರ್ಧ ಗಂಡು ಎಂದು ಗೊತ್ತಿದ್ದೂ ಅವುಗಳ ಗತಿ ಏನು ಎಂದು ಸರ್ಕಾರ ಯೋಚಿಸದೆ ಇದ್ದರೆ, ಅವು ಹಾಲಿಲ್ಲದೆ ಕಟ್ಟಿದಲ್ಲೇ ಸೊರಗುತ್ತವೆ, ಇಲ್ಲವೇ ರಾತ್ರೋರಾತ್ರಿ ರಸ್ತೆಗೆ ಬೀಳುತ್ತವೆ. ಗೋಮಾತೆಯ ಫೋಟೊ ಹಂಚುವವರು ಈ ಕರುಗಳ ಫೋಟೊ ಹಂಚಿದ್ದನ್ನು ನಾವು ಕಂಡಿಲ್ಲ.

ಸರ್ಕಾರದ ಹಣ ಎಲ್ಲಿ ಹರಿಯುತ್ತದೆ ಎಂಬುದನ್ನೂ ನೋಡಿ. ಡೇರಿಗೆ ಹಾಕಿದ ಹಾಲಿಗೆ ಲೀಟರ್‌ಗೆ 5 ರೂಪಾಯಿ ಪ್ರೋತ್ಸಾಹಧನ ಎಂದು ರಾಜ್ಯ ಸರ್ಕಾರ ಇಟ್ಟಿದೆ. ಒಳ್ಳೆಯದೇ. ಆದರೆ ಅದು ಲೀಟರ್ ಲೆಕ್ಕ. ದಿನಕ್ಕೆ 20 ಲೀಟರ್ ಕೊಡುವ ಎಚ್‌ಎಫ್‌ಗೆ 100 ರೂಪಾಯಿ, ಒಂದೆರಡು ಲೀಟರ್ ಕೊಡುವ ಖಿಲಾರಿಗೆ ಐದೋ ಹತ್ತೋ. ಖಿಲಾರಿ ಎತ್ತು ಎಳೆದ ಕುಂಟೆಗೆ, ಹೊತ್ತ ಕಬ್ಬಿನ ಬಂಡಿಗೆ ಮೀಟರ್ ಇಲ್ಲ. ಒಂದು ಕಡೆಯ ತಕ್ಕಡಿಗೆ ಹಣ ಹಾಕಿ, ಆಮೇಲೆ "ರೈತರೇ ದೇಸಿ ತಳಿ ಬಿಟ್ಟರು" ಎನ್ನುವುದು ನ್ಯಾಯವಲ್ಲ.

ಫಲ ಕಣ್ಣ ಮುಂದಿದೆ. 2019ರ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿ ಸುಮಾರು 19 ಕೋಟಿ ದನಗಳಿದ್ದವು. ಹಿಂದಿನ 2012ರ ಗಣತಿಗೆ ಹೋಲಿಸಿದರೆ ವಿದೇಶಿ ಮತ್ತು ಮಿಶ್ರ ತಳಿ ಕಾಲು ಭಾಗಕ್ಕಿಂತ ಹೆಚ್ಚು ಏರಿ 5 ಕೋಟಿ ದಾಟಿತು. ದೇಸಿ ದನಗಳು ಶೇ. 6ರಷ್ಟು ಇಳಿದವು. 2014ರಲ್ಲಿ ದೇಸಿ ತಳಿ ಉಳಿಸಲೆಂದೇ ರಾಷ್ಟ್ರೀಯ ಗೋಕುಲ ಮಿಷನ್ ಶುರುವಾಗಿತ್ತು ಎಂಬುದನ್ನು ನೆನಪಿಡಿ.

ಓಟದ ಹೋರಿಗಳಿಂದ ಖಿಲಾರಿ ಉಳಿಯುತ್ತದೆ ಎನ್ನುವವರೂ ಇದ್ದಾರೆ. 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಜಲ್ಲಿಕಟ್ಟು, ಕಂಬಳ, ಬಂಡಿ ಓಟಗಳಿಗೆ ಅವಕಾಶ ಕೊಟ್ಟ ತಮಿಳುನಾಡು, ಕರ್ನಾಟಕ, ಮಹಾರಾಷ್ಟ್ರದ ಕಾನೂನುಗಳನ್ನು ಎತ್ತಿ ಹಿಡಿಯಿತು. ಓಡುವ ಹೋರಿಗೆ ಬೆಲೆ ಬಂತು, ನಿಜ. ಆದರೆ ತಳಿ ಉಳಿಯುವುದು ಆಕಳಿನಿಂದ. ಓಟದ ಹೋರಿಗೆ ಲಕ್ಷ ಕೊಡುವವರು ಅದನ್ನು ಹೆತ್ತ ಆಕಳನ್ನು ಸಾಕುವವನಿಗೆ ಏನು ಕೊಡುತ್ತಾರೆ? ಮಣ್ಣೆತ್ತಿನ ಅಮಾವಾಸ್ಯೆಗೆ ಮಕ್ಕಳು ಮಣ್ಣಿನಲ್ಲಿ ಎತ್ತು ಮಾಡಿ ಹಿಣಿಲು ಇಡುತ್ತಾರೆ. ಆ ಹಿಣಿಲಿನ ಎತ್ತು ಮಣ್ಣಿನಲ್ಲಿ ಮಾತ್ರ ಉಳಿಯಬಾರದು ಎಂದಿದ್ದರೆ ಆಕಳು ಕಟ್ಟಿದ ಮನೆಗೆ ಹಣ ಹೋಗಬೇಕು.

ಹಾಗಾದರೆ ಏನು ಮಾಡಬೇಕು? ನಮ್ಮ ಬೇಡಿಕೆಗಳು ಇವು. ಯಾವುದೂ ಆಕಾಶದ ಚಂದ್ರ ಕೇಳಿದ ಹಾಗಿಲ್ಲ.

ಒಂದು. ಸೂಜಿ ಹಾಕುವವರು ಸರ್ಕಾರದವರಿರಲಿ, ಡೇರಿಯವರಿರಲಿ, ಖಾಸಗಿಯವರಿರಲಿ, ಹೋರಿ ನಂಬರ್ ಮತ್ತು ತಳಿಯನ್ನು ಮನೆಯವರಿಗೆ ಬರೆದುಕೊಡಬೇಕು. ಆಕಳ ಕಿವಿಯಲ್ಲಿ 12 ಅಂಕಿಯ ಹಳದಿ ಬಿಲ್ಲೆ ಇದೆ. ಅದು ಲಸಿಕೆಗೆ, ವಿಮೆಗೆ ಮಾತ್ರ ಅಲ್ಲ, ವಂಶದ ಲೆಕ್ಕಕ್ಕೂ ಇರುವುದು. ಆ ನಂಬರಿಗೆ ಈ ನಂಬರ್ ಜೋಡಿಸಿ ಸರ್ಕಾರದ ಆ್ಯಪ್‌ನಲ್ಲಿ ಹಾಕಲೇಬೇಕು.

ಎರಡು. ಶುದ್ಧ ಖಿಲಾರಿ ಎಂದು ಗುರುತಿಸಿದ ಆಕಳಿಗೆ ಖಿಲಾರಿ ಕಡ್ಡಿ ಅಥವಾ ಒಳ್ಳೆಯ ಖಿಲಾರಿ ಹೋರಿ ಸಿಗಬೇಕು. ಕೇಳಿದಾಗ "ಸ್ಟಾಕ್ ಇಲ್ಲ, ಎಚ್‌ಎಫ್ ಹಾಕಲಾ" ಎನ್ನುವುದು ನಿಲ್ಲಬೇಕು. ಹಾಗೆ ಸಾಕುವ ಮನೆಗೆ ಲೀಟರ್ ಲೆಕ್ಕ ಬಿಟ್ಟು ಆಕಳ ಲೆಕ್ಕದಲ್ಲಿ ವರ್ಷಕ್ಕೆ ಸಹಾಯಧನ ಕೊಡಬೇಕು.

ಮೂರು. ಹಾಲಿಗಾಗಿ ಬೆರಕೆ ಬೇಕಾದವರಿಗೆ ಯಾವ ಹೊಲಕ್ಕೆ, ಯಾವ ಮೇವಿಗೆ ಎಷ್ಟು ಪಾಲು ಸರಿ ಎಂದು ಕನ್ನಡದಲ್ಲಿ, ಸರಳವಾಗಿ ಹೇಳಬೇಕು. ಹೆಣ್ಣುಗರುವೇ ಹೆಚ್ಚು ಹುಟ್ಟುವಂಥ ಲಿಂಗ ವಿಂಗಡಿಸಿದ ಕಡ್ಡಿಯನ್ನು ಅಗ್ಗದ ದರಕ್ಕೆ ಮೊದಲು ಸಣ್ಣ ರೈತರಿಗೆ ಕೊಡಬೇಕು. ಬೇಡದ ಹೋರಿಗರು ಹುಟ್ಟಿಸಿ ಸೊರಗಿಸುವುದಕ್ಕಿಂತ ಅದು ಮೇಲು.

ನಾಲ್ಕು. ಕೃಷ್ಣಾ ಕಣಿವೆ ತಳಿ ನಮ್ಮ ಐದು ತಾಲ್ಲೂಕುಗಳಲ್ಲಿ ಯಾವ ಮನೆಯಲ್ಲಿ ಎಷ್ಟು ಉಳಿದಿದೆ ಎಂದು ಊರೂರು ತಿರುಗಿ ಎಣಿಸಬೇಕು. ಅಥಣಿಗೆ ಪಶುವೈದ್ಯಕೀಯ ಕಾಲೇಜು ಬಂದಿದೆ. ಅದರ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇರೆ ಇಲ್ಲ. ಉಳಿದದ್ದನ್ನು ಒಂದೇ ಫಾರ್ಮಿನಲ್ಲಿ ಕೂಡಿಹಾಕಬಾರದು. 2019ರ ಆಗಸ್ಟ್ ಮಹಾಪೂರದಲ್ಲಿ ಕೃಷ್ಣೆ, ದೂಧಗಂಗಾ, ವೇದಗಂಗಾ ದಂಡೆಯ ಊರುಗಳು ಮುಳುಗಿದ್ದನ್ನು ಕಂಡವರು ನಾವು. ಮೂರು ವರ್ಷದ ಮೇಲೆ ಚರ್ಮಗಂಟು ರೋಗ ಬಂದಾಗ ದೇಸಿ, ಮಿಶ್ರ ಎನ್ನದೆ ದನಗಳು ಸತ್ತವು. ಒಂದು ಪೂರ, ಒಂದು ರೋಗ ಸಾಕು, ಒಂದೇ ಕೊಟ್ಟಿಗೆಯಲ್ಲಿದ್ದ ತಳಿ ಮುಗಿಯಲು. ಎರಡು ಮೂರು ಕಡೆ ದನ ಇರಬೇಕು, ಜೊತೆಗೆ ಹೋರಿಗಳ ವೀರ್ಯವನ್ನೂ ಕಾದಿಡಬೇಕು.

"ಇದೆಲ್ಲ ಆಗೂ ಮಾತಲ್ರಿ, ಬರಕೊಂಡು ಕುಂದ್ರಾಕ ಯಾರಿಗೆ ಪುರಸೊತ್ತೈತಿ?" ಎಂದು ಕೇಳುವವರಿದ್ದಾರೆ. ಡೇರಿಯಲ್ಲಿ ಫ್ಯಾಟ್ ಒಂದು ಪಾಯಿಂಟ್ ಕಡಿಮೆ ಬಂದರೆ ಚೀಟಿ ಹಿಡಿದು ಜಗಳಕ್ಕೆ ನಿಲ್ಲುವವರು ನಾವು. ಕಾರ್ಖಾನೆಯ ಕಾಟಾದಲ್ಲಿ ಕಬ್ಬಿನ ತೂಕ ನೂರು ಕಿಲೊ ಹೆಚ್ಚುಕಡಿಮೆ ಆದರೆ ರಸ್ತೆ ತಡೆಯುವ ಊರುಗಳು ನಮ್ಮವು. ಲೆಕ್ಕ ಕೇಳುವುದು ನಮಗೆ ಬರುತ್ತದೆ. ಆಕಳ ವಿಷಯದಲ್ಲಿ ಇನ್ನೂ ಕೇಳಿಲ್ಲ ಅಷ್ಟೇ.

ನೀವು ಇದನ್ನು ಫೋನಿನಲ್ಲಿ ಓದುತ್ತಿದ್ದೀರಿ. ಮುಂದಿನ ಸಲ ಆಕಳು ಬೆದೆಗೆ ಬಂದು ಸೂಜಿ ಹಾಕಿಸಿದಾಗ, ಖಾಲಿ ಕಡ್ಡಿಯನ್ನು ಕೇಳಿ ಪಡೆಯಿರಿ. ಆಕಳ ಕಿವಿಯ ಬಿಲ್ಲೆಯದೊಂದು, ಕಡ್ಡಿಯದೊಂದು ಫೋಟೊ ಇದೇ ಫೋನಿನಲ್ಲಿ ತೆಗೆದು ತಾರೀಖು ಬರೆದು ಇಟ್ಟುಕೊಳ್ಳಿ. ಕಡ್ಡಿ ಕೊಡದಿದ್ದರೆ ಯಾಕೆ ಎಂದು ಕೇಳಿ. ಬರುವ ಗ್ರಾಮಸಭೆಯಲ್ಲಿ ಎದ್ದು ನಿಂತು, ನಮ್ಮ ಊರಿನಲ್ಲಿ ಹೋದ ವರ್ಷ ಯಾವ ತಳಿಯ ಎಷ್ಟು ಸೂಜಿ ಹಾಕಿದಿರಿ, ಖಿಲಾರಿಯ ಕಡ್ಡಿ ಎಷ್ಟು ಬಂದವು ಎಂದು ಪಶುವೈದ್ಯರನ್ನು ಕೇಳಿ. ಉತ್ತರ ಬಂದರೆ ನಮಗೂ ಕಳಿಸಿ, ಊರಿನ ಹೆಸರಿನ ಜೊತೆ ಪ್ರಕಟಿಸುತ್ತೇವೆ. ಉತ್ತರ ಬರದಿದ್ದರೆ ಅದನ್ನೂ ಪ್ರಕಟಿಸುತ್ತೇವೆ.